ಅರ್ಧ ಉಳಿದ ಇನ್ಸುಲಿನ್ ಸೀಸೆ: ಸಕ್ಕರೆ ಕಾಯಿಲೆಯವರ ಸ್ವ-ಆರೈಕೆಗೆ ಶುಶ್ರೂಷಾ ಸಿದ್ಧಾಂತವನ್ನು ಬಳಸುವ ಬಗೆ

ಮುಂಬಯಿಯ ಮಾಟುಂಗದ ಹೋಟೆಲೊಂದರ ಗಲ್ಲಾದಲ್ಲಿ ಇಪ್ಪತ್ತೆಂಟು ವರ್ಷ ಕುಳಿತವರೊಬ್ಬರು ನಮ್ಮ ವಾರ್ಡಿಗೆ ಬಂದು ಸೇರಿದಾಗ ಅವರ ರಕ್ತದ ಸಕ್ಕರೆ 412 ಇತ್ತು. ಊರು ಕುಂದಾಪುರದ ಕಡೆ, ವಯಸ್ಸು ಐವತ್ತೆಂಟು. ಗುರುತು ಸಿಗದಂತೆ ಒಂದಷ್ಟು ವಿವರಗಳನ್ನು ಬದಲಿಸಿ ಹೇಳುತ್ತಿದ್ದೇನೆ. ಕೇಸ್ ಪೇಪರಿನಲ್ಲಿ ಯಾರೋ ಆಗಲೇ ‘ಹೇಳಿದ್ದನ್ನು ಪಾಲಿಸುವುದಿಲ್ಲ’ ಎಂದು ಬರೆದುಬಿಟ್ಟಿದ್ದರು. ಹಾಸಿಗೆಯ ಪಕ್ಕದಲ್ಲಿ ನಿಂತಿದ್ದ ಭಾವಮೈದುನನದೂ ಅದೇ ರಾಗ: "ಹೋಟೆಲಿನಲ್ಲಿ ಕುಳಿತವರಿಗೆ ಬಾಯಿ ಕಟ್ಟಲು ಆಗುತ್ತದೆಯೇ ಸಿಸ್ಟರ್?"

ಅವರ ಕೈಚೀಲದಲ್ಲಿ ಇನ್ಸುಲಿನ್ ಸೀಸೆ ಇತ್ತು. ತೆಗೆದು ಬೆಳಕಿಗೆ ಹಿಡಿದೆ. ಅರ್ಧ ಹಾಗೆಯೇ ಇತ್ತು.

"ಯಾವಾಗ ಒಡೆದದ್ದು ಅಣ್ಣ?"

"ಹೆಂಡತಿ ಊರಿಗೆ ಹೋದ ದಿನ. ಹದಿನೈದು ದಿನವಾಯಿತು."

ಲೆಕ್ಕ ಹಾಕಿ ನೋಡಿ. ಹತ್ತು ಮಿಲಿಲೀಟರಿನ ಸೀಸೆ, ಮಿಲಿಲೀಟರಿಗೆ 40 ಯೂನಿಟ್, ಒಟ್ಟು 400. ಬೆಳಿಗ್ಗೆ 20, ರಾತ್ರಿ 12, ದಿನಕ್ಕೆ 32. ಹನ್ನೆರಡು-ಹದಿಮೂರು ದಿನಕ್ಕೆ ಖಾಲಿಯಾಗಬೇಕಾದ ಸೀಸೆ ಅರ್ಧ ಉಳಿದಿದೆ ಎಂದರೆ ಒಂದೋ ಸೂಜಿ ತಪ್ಪಿಸಿದ್ದಾರೆ, ಇಲ್ಲವೇ ಅಳತೆ ತಪ್ಪಿದೆ. ಸಿರಿಂಜ್ ತೋರಿಸಿ ಎಂದೆ. ಹೊರಬಂದದ್ದು ಕಿತ್ತಳೆ ಮುಚ್ಚಳದ್ದು, ಅಂದರೆ ಮಿಲಿಲೀಟರಿಗೆ 100 ಯೂನಿಟ್ ಇರುವ ಇನ್ಸುಲಿನ್ನಿಗೆಂದು ಮಾಡಿದ್ದು. ನಮ್ಮಲ್ಲಿ ಸೀಸೆಯಲ್ಲಿ ಬರುವ 40ರ ಇನ್ಸುಲಿನ್ನಿಗೆ ಬೇಕಾದದ್ದು ಕೆಂಪು ಮುಚ್ಚಳದ್ದು. ಕಿತ್ತಳೆ ಸಿರಿಂಜಿನಲ್ಲಿ 20ರ ಗೆರೆಯವರೆಗೆ ಎಳೆದರೆ ಈ ಸೀಸೆಯಿಂದ ಬರುವುದು ಎಂಟೇ ಯೂನಿಟ್. ಹದಿನೈದು ದಿನ ಒಂದು ಹೊತ್ತೂ ಬಿಡದೆ, ಗಡಿಯಾರ ನೋಡಿಕೊಂಡು ಸೂಜಿ ಹಾಕಿಕೊಂಡ ಮನುಷ್ಯನ ಮೈಗೆ ಹೋದದ್ದು ಅರ್ಧಕ್ಕಿಂತಲೂ ಕಡಿಮೆ ಔಷಧಿ.

ಆರು ವರ್ಷ ಅವರಿಗೆ ಸೂಜಿ ಹಾಕಿದ್ದು ಹೆಂಡತಿ. ಮಗಳ ಬಾಣಂತನಕ್ಕೆ ಆಕೆ ಊರಿಗೆ ಹೊರಟರು. ಮನೆಯಲ್ಲಿ ಸಿರಿಂಜ್ ಮುಗಿದಿತ್ತು. ಇವರು ಅಂಗಡಿಗೆ ಹೋಗಿ ಇನ್ಸುಲಿನ್ ಸಿರಿಂಜ್ ಕೊಡಿ ಎಂದರು, ಅಂಗಡಿಯವನು ಕೈಗೆ ಸಿಕ್ಕಿದ್ದನ್ನು ಕೊಟ್ಟ. ಆರು ವರ್ಷದ ಹಿಂದೆ ಸೂಜಿ ಹಾಕುವುದನ್ನು ರೋಗಿಗೆ ಕಲಿಸದೆ ಹೆಂಡತಿಗೆ ಕಲಿಸಿ ಮನೆಗೆ ಕಳಿಸಿದ್ದು ನಮ್ಮಂಥ ಒಬ್ಬ ನರ್ಸೇ. ನಾನೂ ಎಷ್ಟೋ ಮಂದಿಯನ್ನು ಹಾಗೆ ಕಳಿಸಿದ್ದೇನೆ. ಹೆಂಗಸರು ಬೇಗ ಕಲಿಯುತ್ತಾರೆ, ಗಂಡಸರು ಮುಖ ತಿರುಗಿಸುತ್ತಾರೆ, ನಮಗೆ ಹಾಸಿಗೆ ಖಾಲಿಯಾಗಬೇಕು.

ಈ ಬರಹ ಇಬ್ಬರಿಗಾಗಿ. ಮನೆಯಲ್ಲಿ ಸಕ್ಕರೆ ಕಾಯಿಲೆಯವರನ್ನು ನೋಡಿಕೊಳ್ಳುತ್ತಿರುವವರಿಗೆ, ಮತ್ತು ಮುಂಬಯಿಯಲ್ಲಿ ನರ್ಸಿಂಗ್ ಓದಿ ಸಿದ್ಧಾಂತಗಳನ್ನು ಪರೀಕ್ಷೆಯ ಮರುದಿನವೇ ಮರೆತಿರುವ ನಮ್ಮ ಹುಡುಗ ಹುಡುಗಿಯರಿಗೆ. ನಾನೂ ಮರೆತವಳೇ. ಆ ಅರ್ಧ ಸೀಸೆ ನೆನಪಿಸಿತು.

ಓರೆಮ್ ಕೇಳಿದ ಪ್ರಶ್ನೆ

ಡೊರೊಥಿಯಾ ಓರೆಮ್ ಅಮೆರಿಕದ ಬಾಲ್ಟಿಮೋರಿನಲ್ಲಿ 1914ರಲ್ಲಿ ಹುಟ್ಟಿದ ನರ್ಸ್. ಮನುಷ್ಯನಿಗೆ ನರ್ಸಿನ ಅಗತ್ಯ ಬೀಳುವುದು ಯಾವಾಗ ಎಂಬುದು ಆಕೆಯನ್ನು ಕಾಡಿದ ಪ್ರಶ್ನೆ. ಕಾಯಿಲೆ ಬಿದ್ದಾಗ ಎಂದು ನಾವು ಥಟ್ಟನೆ ಹೇಳುತ್ತೇವೆ. ಓರೆಮ್ ಹಾಗೆ ಹೇಳಲಿಲ್ಲ. ಕಾಯಿಲೆ ಇದ್ದೂ ತನ್ನನ್ನು ತಾನು ನೋಡಿಕೊಳ್ಳಬಲ್ಲವನಿಗೆ ವೈದ್ಯ ಬೇಕಾಗಬಹುದು, ನರ್ಸ್ ಬೇಕಿಲ್ಲ. ತನ್ನ ಮೈ ಕೇಳುವ ಆರೈಕೆ ತನ್ನ ಕೈಯಿಂದ ಆಗುವುದಕ್ಕಿಂತ ಹೆಚ್ಚಾದಾಗ ನರ್ಸ್ ಬೇಕು. 1971ರಲ್ಲಿ ಪುಸ್ತಕವಾಗಿ ಬಂದ ಈ ವಿಚಾರವೇ ಸ್ವ-ಆರೈಕೆ ಕೊರತೆಯ ಸಿದ್ಧಾಂತ. ಬೇಡಿಕೆಯಿಂದ ಸಾಮರ್ಥ್ಯವನ್ನು ಕಳೆಯಿರಿ, ಉಳಿದದ್ದು ಕೊರತೆ. ನರ್ಸಾಗಲಿ ಮನೆಯವರಾಗಲಿ ತುಂಬಬೇಕಾದದ್ದು ಅಷ್ಟನ್ನೇ. ಕಡಿಮೆ ತುಂಬಿದರೆ ರೋಗಿ ಬೀಳುತ್ತಾನೆ ಎನ್ನುವುದು ಎಲ್ಲರಿಗೂ ಗೊತ್ತು. ಹೆಚ್ಚು ತುಂಬಿದರೂ ಬೀಳುತ್ತಾನೆ, ಸ್ವಲ್ಪ ತಡವಾಗಿ, ಹೆಂಡತಿ ಊರಿಗೆ ಹೋದ ದಿನ.

ಮೊದಲ ಹೆಜ್ಜೆ: ಕಾಯಿಲೆ ಏನು ಕೇಳುತ್ತಿದೆ?

ಒಂದು ನೋಟ್‌ಬುಕ್ಕಿನ ಪುಟವನ್ನು ನಡುವೆ ಗೆರೆ ಎಳೆದು ಎರಡು ಮಾಡಿ. ಎಡಕ್ಕೆ ಬೇಡಿಕೆ. ಓರೆಮ್ ಇದನ್ನು ಮೂರು ಬಗೆಯಾಗಿ ನೋಡುತ್ತಾರೆ. ಎಲ್ಲ ಮನುಷ್ಯರಿಗೂ ಬೇಕಾದದ್ದು ಮೊದಲನೆಯದು: ಗಾಳಿ, ನೀರು, ಊಟ, ವಿಸರ್ಜನೆ, ದುಡಿಮೆ ಮತ್ತು ವಿಶ್ರಾಂತಿ, ಏಕಾಂತ ಮತ್ತು ಜನರ ಒಡನಾಟ, ಅಪಾಯದಿಂದ ರಕ್ಷಣೆ. ವಯಸ್ಸು, ಬಸಿರು, ಮುಪ್ಪು ಇತ್ಯಾದಿ ಬದುಕಿನ ಘಟ್ಟಗಳು ಕೇಳುವುದು ಎರಡನೆಯದು. ಕಾಯಿಲೆಯೇ ಹೊಸದಾಗಿ ಹೇರುವುದು ಮೂರನೆಯದು: ಮಾತ್ರೆ, ಸೂಜಿ, ಸಕ್ಕರೆಯ ತಪಾಸಣೆ, ಪಾದದ ನಿಗಾ, ವರ್ಷಕ್ಕೊಮ್ಮೆ ಕಣ್ಣಿನ ಪಾಪೆ ಹಿಗ್ಗಿಸಿ ಮಾಡುವ ಪರೀಕ್ಷೆ, ಮೂತ್ರದಲ್ಲಿ ಆಲ್ಬುಮಿನ್ ಎಂಬ ಪ್ರೋಟೀನ್ ಸೋರುತ್ತಿದೆಯೇ ಎಂಬ ಪರೀಕ್ಷೆ.

ನಾವು ಸಾಮಾನ್ಯವಾಗಿ ಮೂರನೆಯದನ್ನೇ ಬರೆದು ಕೈತೊಳೆದುಕೊಳ್ಳುತ್ತೇವೆ. ಗಲ್ಲಾದ ಅಣ್ಣನ ಪುಟದಲ್ಲಿ ನಿಜವಾದ ತೊಡಕು ಇದ್ದದ್ದು ಮೊದಲನೆಯದರಲ್ಲಿ. ಬೆಳಿಗ್ಗೆ ಐದೂವರೆಗೆ ಹೋಟೆಲಿನ ಬಾಗಿಲು ತೆಗೆದರೆ ರಾತ್ರಿ ಹನ್ನೊಂದಕ್ಕೆ ಲೆಕ್ಕ ಮುಗಿಸುವ ಮನುಷ್ಯ. ಮಧ್ಯಾಹ್ನದ ಊಟ ಗಿರಾಕಿ ಕಡಿಮೆಯಾದ ಮೇಲೆ, ಮೂರಕ್ಕೋ ಮೂರೂವರೆಗೋ. ಗಲ್ಲಾ ಬಿಟ್ಟು ಏಳುವಂತಿಲ್ಲವಾದ್ದರಿಂದ ಮೂತ್ರಕ್ಕೆ ಹೋಗಬೇಕಾಗುತ್ತದೆಂದು ನೀರು ಕಡಿಮೆ ಕುಡಿಯುತ್ತಿದ್ದರು. ಇದನ್ನು ಯಾವ ವೈದ್ಯರೂ ಕೇಳಿರಲಿಲ್ಲ, ಇವರೂ ಹೇಳಿರಲಿಲ್ಲ.

ಎರಡನೇ ಹೆಜ್ಜೆ: ಕೇಳಬೇಡಿ, ಮಾಡಿಸಿ ನೋಡಿ

ಬಲಬದಿಗೆ ಸಾಮರ್ಥ್ಯ. ಇಲ್ಲಿ ಎಲ್ಲರೂ ಎಡವುತ್ತಾರೆ, ಏಕೆಂದರೆ "ಗೊತ್ತಿದೆಯೇ?" ಎಂದು ಕೇಳುತ್ತಾರೆ. ಮುಂಬಯಿಯಲ್ಲಿ ಮೂವತ್ತು ವರ್ಷ ಹೋಟೆಲು ನಡೆಸಿದವರು ನರ್ಸಿನ ಮುಂದೆ ಗೊತ್ತಿಲ್ಲ ಎನ್ನುತ್ತಾರೆಯೇ?

ಓರೆಮ್ ಸಾಮರ್ಥ್ಯವನ್ನು ಮೂರು ಕೆಲಸಗಳಾಗಿ ಬಿಡಿಸುತ್ತಾರೆ. ಪರಿಸ್ಥಿತಿಯನ್ನು ಅಂದಾಜು ಮಾಡುವುದು, ಏನು ಮಾಡಬೇಕೆಂದು ತೀರ್ಮಾನಿಸುವುದು, ಮಾಡಿ ಮುಗಿಸುವುದು. ಮೂರರಲ್ಲಿ ಎಲ್ಲಿ ಕಡಿಯುತ್ತದೆ ಎನ್ನುವುದನ್ನು ಕಂಡುಹಿಡಿಯಬೇಕು. ರೋಗಿಯ ಕೈಗೆ ಅವರದೇ ಸೀಸೆ, ಅವರದೇ ಸಿರಿಂಜ್ ಕೊಟ್ಟು "ದಿನಾ ಹೇಗೆ ಹಾಕಿಕೊಳ್ಳುತ್ತೀರೋ ಹಾಗೆ ಮಾಡಿ ತೋರಿಸಿ" ಎನ್ನಿ. ಆಮೇಲೆ ಬಾಯಿ ಮುಚ್ಚಿಕೊಂಡು ನೋಡಿ. ಮೋಡದಂತೆ ಕಾಣುವ ಇನ್ಸುಲಿನ್ ಆದರೆ ಸೀಸೆಯನ್ನು ಅಂಗೈಗಳ ನಡುವೆ ಹತ್ತು ಸಲ ಉರುಳಿಸುತ್ತಾರೆಯೇ, ಇಲ್ಲ ಕೆಮ್ಮಿನ ಔಷಧಿಯಂತೆ ಕುಲುಕುತ್ತಾರೆಯೇ? ಎಳೆಯುವಷ್ಟೇ ಗಾಳಿಯನ್ನು ಮೊದಲು ಸೀಸೆಯೊಳಗೆ ಬಿಡುತ್ತಾರೆಯೇ? ಗುಳ್ಳೆ ಬಂದರೆ ಏನು ಮಾಡುತ್ತಾರೆ? ಹೊಟ್ಟೆಯ ಮೇಲೆ ಹೊಕ್ಕುಳಿನ ಸುತ್ತ ಎರಡು ಬೆರಳು ಜಾಗ ಬಿಟ್ಟು, ಹಿಂದಿನ ಚುಚ್ಚಿನಿಂದ ಒಂದು ಬೆರಳಾದರೂ ದೂರ ಸರಿಯುತ್ತಾರೆಯೇ? ಅಂಗಿ ಎತ್ತಿಸಿ, ಬೆರಳಿನಿಂದ ಒತ್ತಿ ನೋಡಿ. ಒಂದೇ ಕಡೆ ಚುಚ್ಚಿದವರಿಗೆ ಚರ್ಮದಡಿ ಮೆತ್ತಗೆ ಗಂಟು ಕಟ್ಟಿರುತ್ತದೆ. ಅಲ್ಲಿ ನೋವಾಗುವುದಿಲ್ಲವೆಂದು ಅಲ್ಲಿಯೇ ಚುಚ್ಚುತ್ತಾರೆ, ಆದರೆ ಗಂಟಿನಿಂದ ಔಷಧಿ ಸರಿಯಾಗಿ ಮೈಗೆ ಹತ್ತುವುದಿಲ್ಲ.

ಸಿರಿಂಜಿನ ಬಣ್ಣದ ವಿಷಯವನ್ನು ಇನ್ನೊಮ್ಮೆ ಹೇಳುತ್ತೇನೆ, ಬೇಸರಪಡಬೇಡಿ. ಅಣ್ಣನ ತಪ್ಪಿನಿಂದ ಸಕ್ಕರೆ ಏರಿತು, ಅಷ್ಟಕ್ಕೆ ಮುಗಿಯಿತು. ತಿರುಗಾಮುರುಗಾ ಆಗಿ, 100 ಯೂನಿಟ್ಟಿನ ಇನ್ಸುಲಿನ್ನನ್ನು ಕೆಂಪು ಮುಚ್ಚಳದ ಸಿರಿಂಜಿನಲ್ಲಿ 20ರ ಗೆರೆಗೆ ಎಳೆದರೆ ಮೈಗೆ ಹೋಗುವುದು 50 ಯೂನಿಟ್. ಅದು ಪ್ರಾಣಕ್ಕೇ ಕುತ್ತು. ಇನ್ಸುಲಿನ್ ಚುಚ್ಚಿಕೊಳ್ಳುವ ಪೆನ್ನಿನ ಕಾರ್ಟ್ರಿಡ್ಜ್‌ಗಳಲ್ಲಿ ಇರುವುದು ಕನಿಷ್ಠ 100ರ ಇನ್ಸುಲಿನ್; ಪೆನ್ನು ಕೆಟ್ಟಿತೆಂದು ಅದರಿಂದ ಸಿರಿಂಜಿಗೆ ಎಳೆಯಬಾರದು. ಸೀಸೆಯ ಮೇಲಿನ ಅಂಕಿ ಮತ್ತು ಸಿರಿಂಜಿನ ಮೇಲಿನ ಅಂಕಿ ಒಂದೇ ಇರಬೇಕು. ಖಾಲಿ ಪೊಟ್ಟಣವನ್ನು ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಂಡು ಅಂಗಡಿಯವನಿಗೆ ತೋರಿಸುವುದು ಎಲ್ಲಕ್ಕಿಂತ ಸುಲಭ.

ಸಾಮರ್ಥ್ಯದ ಸುತ್ತ ಇರುವ ಸಂಗತಿಗಳನ್ನೂ ಬರೆಯಬೇಕು. ವಯಸ್ಸು, ಮನೆ, ದುಡಿಮೆ, ದುಡ್ಡು, ಕುಟುಂಬ. ಮುಂಬಯಿಯಲ್ಲಿ ಇದೇ ಅರ್ಧ ಕಾಯಿಲೆ. ಹೋಟೆಲಿನ ಹುಡುಗರು ಹತ್ತು ಮಂದಿ ಒಂದು ರೂಮಿನಲ್ಲಿ ಮಲಗುತ್ತಾರೆ. ಅಲ್ಲಿ ಫ್ರಿಜ್ ಇಲ್ಲ, ಸೂಜಿ ಹಾಕಿಕೊಳ್ಳಲು ಮರೆ ಇಲ್ಲ. ಡೊಂಬಿವಲಿಯಿಂದ ಬರುವವರಿಗೆ ಲೋಕಲ್ ರೈಲಿನಲ್ಲೇ ದಿನಕ್ಕೆ ಎರಡೂವರೆ ತಾಸು ಹೋಗುತ್ತದೆ. ನಡೆಯಲು ಸಮಯ ಎಲ್ಲಿಂದ ತರುವುದು? ವಿಜಯಪುರ, ಕಲಬುರಗಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರಿಗೆ ಮರಾಠಿ, ಹಿಂದಿ ಚೀಟಿಗಳು ಓದಲು ಬರುವುದಿಲ್ಲ. ಅವರು ತಲೆಯಾಡಿಸುತ್ತಾರೆ, ನಾವು ಅರ್ಥವಾಯಿತೆಂದು ತಿಳಿಯುತ್ತೇವೆ. ಫ್ರಿಜ್ ಇಲ್ಲದವರಿಗೆ ಒಂದು ಉಪಾಯವಿದೆ. ಬಳಕೆಯಲ್ಲಿರುವ ಸೀಸೆ ತಂಪಾದ ಕೋಣೆಯಲ್ಲಿ ಸುಮಾರು ನಾಲ್ಕು ವಾರ ಇರುತ್ತದೆ. ಮೇ ತಿಂಗಳ ಮುಂಬಯಿಗೆ ತಂಪು ಕೋಣೆ ಎಂಬುದೇ ಇಲ್ಲವಾದ್ದರಿಂದ, ಸೀಸೆಯನ್ನು ನೀರು ಹೋಗದ ಡಬ್ಬಿಯಲ್ಲಿಟ್ಟು ಒದ್ದೆ ಮಾಡಿದ ಮಣ್ಣಿನ ಕುಡಿಕೆಯೊಳಗೆ ಇಡುವುದು. ಫ್ರಿಜ್ ಇದ್ದವರು ಬಾಗಿಲಿನ ಖಾನೆಯಲ್ಲಿಡಿ. ಹಿಮ ಕಟ್ಟುವ ಜಾಗದ ಹತ್ತಿರವೂ ಬೇಡ, ಒಮ್ಮೆ ಹೆಪ್ಪುಗಟ್ಟಿದ್ದು ಕೆಟ್ಟಂತೆಯೇ.

ಮೂರನೇ ಹೆಜ್ಜೆ: ಕೊರತೆಯನ್ನು ಒಂದು ವಾಕ್ಯದಲ್ಲಿ ಬರೆಯಿರಿ

‘ಪಾಲಿಸುವುದಿಲ್ಲ’ ಎನ್ನುವುದು ಕೊರತೆಯ ಹೆಸರಲ್ಲ, ಬೈಗುಳ. ಅದನ್ನು ಬರೆದ ಮೇಲೆ ಮುಂದೆ ಮಾಡಲು ಏನೂ ಉಳಿಯುವುದಿಲ್ಲ. ಅಣ್ಣನ ಪುಟದ ಕೆಳಗೆ ನಾನು ಬರೆದದ್ದು ಹೀಗೆ: ಸರಿಯಾದ ಸಿರಿಂಜ್ ಗುರುತಿಸಲು ಬರುವುದಿಲ್ಲ, ಸೂಜಿ ಹಾಕಿ ಅಭ್ಯಾಸವಿಲ್ಲ, ಮಧ್ಯಾಹ್ನದ ಊಟಕ್ಕೆ ಹೊತ್ತಿಲ್ಲ, ಪಾದವನ್ನು ನೋಡಿಕೊಳ್ಳುವ ರೂಢಿಯಿಲ್ಲ. ಇದರಲ್ಲಿ ಮೊದಲನೆಯದು ಎರಡು ನಿಮಿಷದ ಪಾಠ, ಎರಡನೆಯದು ನಾಲ್ಕು ದಿನದ್ದು. ಮೂರನೆಯದಕ್ಕೆ ಹೋಟೆಲಿನ ಮಾಲೀಕರ ಜೊತೆ ಮಾತಾಡಬೇಕು. ಹೀಗೆ ಬರೆದಾಗ ಕೆಲಸ ಕಣ್ಣಿಗೆ ಕಾಣುತ್ತದೆ.

ನಾಲ್ಕನೇ ಹೆಜ್ಜೆ: ಎಷ್ಟು ಕೈ ಕೊಡಬೇಕು, ಯಾವಾಗ ಹಿಂದೆ ತೆಗೆಯಬೇಕು

ಓರೆಮ್ ಮೂರು ವ್ಯವಸ್ಥೆಗಳನ್ನು ಹೇಳುತ್ತಾರೆ. ರೋಗಿಗೆ ಪ್ರಜ್ಞೆ ಇಲ್ಲದಿದ್ದಾಗ, ಏಳಲಾಗದಿದ್ದಾಗ ಎಲ್ಲವನ್ನೂ ನಾವೇ ಮಾಡುವುದು ಒಂದು. ಅರ್ಧ ಅವರು, ಅರ್ಧ ನಾವು ಎನ್ನುವುದು ಇನ್ನೊಂದು. ಅವರೇ ಮಾಡುತ್ತಾರೆ, ನಾವು ಕಲಿಸುತ್ತೇವೆ, ಬೆನ್ನಿಗಿರುತ್ತೇವೆ ಎನ್ನುವುದು ಮತ್ತೊಂದು. ಸಕ್ಕರೆ ಕಾಯಿಲೆಯ ಹೆಚ್ಚಿನ ಮಂದಿ ವರ್ಷದ ಹೆಚ್ಚಿನ ದಿನ ಮೂರನೆಯದರಲ್ಲಿ ಇರಬೇಕು. ನಮ್ಮ ಮನೆಗಳಲ್ಲಿ ಗಂಡಸರು ಮೊದಲನೆಯದರಲ್ಲಿ ಆರಾಮವಾಗಿ ಕುಳಿತಿರುತ್ತಾರೆ, ಹೆಂಗಸರು ತಮ್ಮದೇ ಸಕ್ಕರೆಗೆ ಯಾವ ವ್ಯವಸ್ಥೆಯೂ ಇಲ್ಲದೆ ಅಡುಗೆಮನೆಯಲ್ಲಿರುತ್ತಾರೆ. ಗಂಡನಿಗೆ ಹೊತ್ತಿಗೆ ಸರಿಯಾಗಿ ಸೂಜಿ ಹಾಕಿ ತನ್ನ ಮಾತ್ರೆ ಮರೆತವರನ್ನು ನಾನು ಲೆಕ್ಕವಿಲ್ಲದಷ್ಟು ನೋಡಿದ್ದೇನೆ.

ಅಣ್ಣನಿಗೆ ಕಲಿಸಿದ್ದು ಹೀಗೆ. ಮೊದಲ ದಿನ ನಾನೇ ಹಾಕಿದೆ, ಪ್ರತಿಯೊಂದನ್ನೂ ಬಾಯಲ್ಲಿ ಹೇಳುತ್ತ. ಎರಡನೇ ದಿನ ಖಾಲಿ ಸೀಸೆಗೆ ಸಲೈನ್ ತುಂಬಿ ಕೊಟ್ಟೆ, ಅವರು ಹತ್ತು ಸಲ ಎಳೆದರು. ಮೂರನೇ ದಿನ ಅವರು ಎಳೆದರು, ನಾನು ಚುಚ್ಚಿದೆ. ನಾಲ್ಕನೇ ದಿನ ಎರಡನ್ನೂ ಅವರೇ ಮಾಡಿದರು, ನಾನು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತೆ. ಆ ನಿಲ್ಲುವುದೇ ಕಷ್ಟ. ಅವರ ಕೈ ನಡುಗುತ್ತಿತ್ತು, ಹಿಂದೆ ಹದಿನಾಲ್ಕು ರೋಗಿಗಳು ಕಾಯುತ್ತಿದ್ದರು, ನನ್ನ ಬೆರಳು ತುರಿಸುತ್ತಿದ್ದವು. ಐದನೇ ದಿನ ಪಕ್ಕದ ಹಾಸಿಗೆಯ ಹೊಸ ರೋಗಿಗೆ ಅವರಿಂದಲೇ ವಿವರಿಸಿ ಹೇಳಿಸಿದೆ. ಆಗ ಇನ್ನೊಂದು ಕೊರತೆ ಹೊರಬಿತ್ತು: ಕನ್ನಡಕವಿಲ್ಲದೆ ಅವರಿಗೆ 12ರ ಗೆರೆ ಕಾಣುತ್ತಿರಲಿಲ್ಲ, ಅಂದಾಜಿನ ಮೇಲೆ ಎಳೆಯುತ್ತಿದ್ದರು.

ಕಣ್ಣು ಮಂಜಾದವರಿಗೆ ಪೆನ್ನು ಒಳ್ಳೆಯದು, ತಿರುಗಿಸುವಾಗ ಟಿಕ್ ಎನ್ನುವ ಸದ್ದನ್ನು ಎಣಿಸಬಹುದು. ಖರ್ಚು ಹೆಚ್ಚು. ಯಾವುದು ಎಂಬುದನ್ನು ವೈದ್ಯರ ಜೊತೆ ಮಾತಾಡಿ ನಿರ್ಧರಿಸಿ. ಔಷಧಿಯ ಪ್ರಮಾಣವನ್ನು ಬದಲಿಸುವುದೂ ಅವರದೇ ಕೆಲಸ, ನನ್ನದಲ್ಲ, ನೆರೆಮನೆಯವರದಂತೂ ಅಲ್ಲವೇ ಅಲ್ಲ. ಬಳಸಿದ ಸೂಜಿಗಳನ್ನು ಗಟ್ಟಿ ಪ್ಲಾಸ್ಟಿಕ್ ಬಾಟಲಿಯಲ್ಲಿ ಹಾಕಿ, ತುಂಬಿದಾಗ ಆಸ್ಪತ್ರೆಗೆ ತಂದುಕೊಡಿ. ಬಿಡಿಯಾಗಿ ಕಸದ ಚೀಲಕ್ಕೆ ಹಾಕಿದರೆ ಕಸ ಎತ್ತುವವರ ಕೈಗೆ ಚುಚ್ಚುತ್ತದೆ.

ಈ ಮೂರು ವ್ಯವಸ್ಥೆಗಳು ಒಂದೇ ದಿಕ್ಕಿನ ಮೆಟ್ಟಿಲಲ್ಲ. ಜ್ವರ ಬಂದಾಗ, ಶಸ್ತ್ರಚಿಕಿತ್ಸೆಯಾದಾಗ, ಮನೆಯಲ್ಲಿ ಸಾವಾದಾಗ ರೋಗಿ ಒಂದೆರಡು ಮೆಟ್ಟಿಲು ಇಳಿಯುತ್ತಾನೆ. ಆಗ ಕೈ ಕೊಡಿ. ಸುಧಾರಿಸಿದ ಮೇಲೆ ಮತ್ತೆ ತೆಗೆಯಿರಿ.

ಐದನೇ ಹೆಜ್ಜೆ: ಗುರಿಯನ್ನು ಇಬ್ಬರೂ ಕೂತು ಕಟ್ಟುವುದು

ಇಲ್ಲಿ ಓರೆಮ್ ಸಾಲುವುದಿಲ್ಲ. ಇಮೋಜೀನ್ ಕಿಂಗ್ ಎಂಬ ಇನ್ನೊಬ್ಬ ಅಮೆರಿಕನ್ ನರ್ಸ್ 1981ರಲ್ಲಿ ಗುರಿ ಸಾಧನೆಯ ಸಿದ್ಧಾಂತವನ್ನು ಮುಂದಿಟ್ಟರು. ಗುರಿಯನ್ನು ನರ್ಸ್ ಒಬ್ಬಳೇ ಇಡುವುದಲ್ಲ, ಇಬ್ಬರೂ ಮಾತಾಡಿ ಒಪ್ಪಿಕೊಂಡದ್ದು ಮಾತ್ರ ನಡೆಯುತ್ತದೆ ಎಂಬುದು ಅದರ ತಿರುಳು.

ಅಣ್ಣನ ಚಹಾದ ಪ್ರಸಂಗವನ್ನೇ ನೋಡಿ. ದಿನಕ್ಕೆ ಎಂಟು ಕಟಿಂಗ್, ಅಂದರೆ ಅರ್ಧ ಗ್ಲಾಸಿನ ಚಹಾ, ಒಂದೊಂದರಲ್ಲಿ ಒಂದೂವರೆ ಚಮಚ ಸಕ್ಕರೆ. ಟೀ ಚಮಚಕ್ಕೆ ನಾಲ್ಕರಿಂದ ಐದು ಗ್ರಾಂ ಹಿಡಿದರೂ ಐವತ್ತು ಗ್ರಾಂ ಹತ್ತಿರ ಹೋಗುತ್ತದೆ. ಬಿಟ್ಟುಬಿಡಿ ಎಂದೆ. "ಆಗಲಿ ಸಿಸ್ಟರ್" ಎಂದರು. ಆ "ಆಗಲಿ"ಗೆ ಆಗುವುದಿಲ್ಲ ಎಂದೇ ಅರ್ಥ, ಕನ್ನಡಿಗರಿಗೆ ಹೇಳಬೇಕೇ? ಮರುದಿನ ಬೇರೆ ಪ್ರಶ್ನೆ ಕೇಳಿದೆ: "ಎಂಟರಲ್ಲಿ ಯಾವ ಚಹಾ ಬಿಟ್ಟರೆ ನಿಮಗೆ ಜೀವ ಹೋದಂತೆ ಆಗುತ್ತದೆ ಅಣ್ಣ?" ಅವರು ನಕ್ಕರು. ಐದೂವರೆಯದು, ಮತ್ತೆ ಸಂಜೆ ನಾಲ್ಕರದು. ಉಳಿದ ಆರು? ಹಳೆಯ ಗಿರಾಕಿಗಳು ಬಂದಾಗ ಅವರ ಜೊತೆ ಕೈಯಲ್ಲಿ ಒಂದು ಗ್ಲಾಸು ಇರಬೇಕು, ಇಲ್ಲದಿದ್ದರೆ ಮರ್ಯಾದೆಯಲ್ಲ. ಗ್ಲಾಸಿನಲ್ಲಿ ಚಹಾವೇ ಇರಬೇಕೆಂದಿಲ್ಲವಲ್ಲ ಎಂದು ನಾನು ಹೇಳುವ ಮೊದಲೇ ಅವರೇ ಹೇಳಿದರು: "ಜೀರಿಗೆ ನೀರು ಇಟ್ಟುಕೊಳ್ಳುತ್ತೇನೆ. ಬಣ್ಣ ನೋಡಿ ಯಾರು ಕೇಳುತ್ತಾರೆ?" ಎರಡು ಚಹಾ, ಅರ್ಧ ಚಮಚ ಸಕ್ಕರೆ, ಆರು ಗ್ಲಾಸು ಜೀರಿಗೆ ನೀರು. ನೀರು ಕುಡಿಯದ ಸಮಸ್ಯೆಯೂ ಅದರಲ್ಲೇ ಸ್ವಲ್ಪ ಕರಗಿತು. ಮೂತ್ರಕ್ಕೆ ಏಳುವಾಗ ಗಲ್ಲಾ ನೋಡಿಕೊಳ್ಳಲು ಮಾಲೀಕರು ಒಬ್ಬ ಹುಡುಗನನ್ನು ಒಪ್ಪಿಸಿದರು.

ಊಟದ ವಿಷಯಕ್ಕೆ ಮ್ಯಾಡಲಿನ್ ಲೈನಿಂಜರ್ ಎಂಬ ಮತ್ತೊಬ್ಬ ಅಮೆರಿಕನ್ ನರ್ಸ್ ನೆನಪಾಗುತ್ತಾರೆ. ಸಂಸ್ಕೃತಿಯನ್ನು ಬಿಟ್ಟು ಆರೈಕೆ ಇಲ್ಲ ಎಂದ ಅವರು ಮೂರು ದಾರಿ ತೋರಿಸಿದರು: ಇರುವುದನ್ನು ಉಳಿಸಿಕೊಳ್ಳುವುದು, ಹೊಂದಿಸಿಕೊಳ್ಳುವುದು, ಬದಲಿಸುವುದು. ಆಸ್ಪತ್ರೆಯ ಆಹಾರದ ಚೀಟಿಯಲ್ಲಿ ಓಟ್ಸ್, ಬ್ರೊಕೊಲಿ, ಚಪಾತಿ ಎಂದು ಅಚ್ಚಾಗಿರುತ್ತದೆ. ಕುಚ್ಚಲಕ್ಕಿ ಗಂಜಿ, ಮೀನು ಸಾರು ತಿಂದು ಬೆಳೆದ ಬಾಯಿ ಅದನ್ನು ಒಂದು ವಾರ ತಿಂದೀತು. ನಾನು ಚೀಟಿಯ ಹಿಂಭಾಗದಲ್ಲಿ ಬೇರೆಯೇ ಬರೆಯುತ್ತೇನೆ. ಮೀನು ಸಾರು, ಬಸಳೆ, ಹೆಸರುಕಾಳು, ಮಜ್ಜಿಗೆ ಹಾಗೆಯೇ ಇರಲಿ. ಕುಚ್ಚಲಕ್ಕಿ ಅನ್ನ ಇರಲಿ, ಆದರೆ ವಾಟಿಯಲ್ಲಿ ಅಳೆದು, ಎರಡನೇ ಸಲ ಬಡಿಸದೆ. ತಟ್ಟೆಯ ಅರ್ಧಕ್ಕೆ ಪಲ್ಯ ಬರಲಿ, ಅನ್ನ ಕಾಲು ಭಾಗಕ್ಕೆ ಇಳಿಯಲಿ. ಉತ್ತರ ಕರ್ನಾಟಕದವರಿಗೆ ಜೋಳದ ರೊಟ್ಟಿ ಬಿಡಿಸುವುದಿಲ್ಲ, ಎಣಿಸುವುದನ್ನು ಕಲಿಸುತ್ತೇನೆ. ಬದಲಿಸಲೇಬೇಕಾದದ್ದು ಒಂದಿದೆ: ಈ ಊರಿಗೆ ಬಂದ ಮೇಲೆ ನಾವು ಕಲಿತ ಉಪವಾಸದ ಸಾಬೂದಾನಿ ಖಿಚಡಿ. ಉಪವಾಸ ಎಂಬ ಹೆಸರಿನಲ್ಲಿ ಬರೀ ಪಿಷ್ಟ. ಇನ್ನು ಏಕಾದಶಿಗೆ ನಿಜವಾಗಿಯೇ ಉಪವಾಸ ಇರುವವರು ಗ್ಲಿಮೆಪಿರೈಡ್‌ನಂಥ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುತ್ತಿದ್ದರೆ ಮುಂಚೆಯೇ ವೈದ್ಯರನ್ನು ಕೇಳಬೇಕು. ಊಟವಿಲ್ಲದೆ ಅದೇ ಪ್ರಮಾಣ ತೆಗೆದುಕೊಂಡರೆ ಸಕ್ಕರೆ ಕುಸಿಯುತ್ತದೆ.

ಆರನೇ ಹೆಜ್ಜೆ: ಕುಸಿತಕ್ಕೆ ಮೊದಲೇ ಸಿದ್ಧತೆ

ರಕ್ತದ ಸಕ್ಕರೆ 70ಕ್ಕಿಂತ ಕೆಳಗಿಳಿದರೆ ಕುಸಿತ, 54ಕ್ಕಿಂತ ಕೆಳಗೆ ಹೋದರೆ ಗಂಭೀರ. ಬೆವರು, ನಡುಕ, ಎದೆ ಡವಡವ, ಇದ್ದಕ್ಕಿದ್ದಂತೆ ಹಸಿವು, ಕಾರಣವಿಲ್ಲದ ಸಿಡುಕು. ಸಂಜೆಯ ಕಲ್ಯಾಣ್ ಫಾಸ್ಟ್ ಲೋಕಲಿನಲ್ಲಿ ಇವು ಎಲ್ಲರಿಗೂ ಇರುತ್ತವೆ, ಅದೇ ಅಪಾಯ. ಮೂರು ಚಮಚ ಸಕ್ಕರೆ ನೀರಿನಲ್ಲಿ ಕದಡಿ ಕುಡಿಯಿರಿ, ಅಂದರೆ ಸುಮಾರು ಹದಿನೈದು ಗ್ರಾಂ, ಹದಿನೈದು ನಿಮಿಷ ಕಾಯಿರಿ, ಮತ್ತೆ ನೋಡಿ, ಏರದಿದ್ದರೆ ಇನ್ನೊಮ್ಮೆ. ಏರಿದ ಮೇಲೆ ಏನಾದರೂ ತಿನ್ನಿ. ಚಾಕೊಲೇಟಿನಲ್ಲಿ ಕೊಬ್ಬು ಇರುವುದರಿಂದ ನಿಧಾನ, ಅದನ್ನು ನಂಬಬೇಡಿ. ಸಕ್ಕರೆಯ ಪೊಟ್ಟಣ ಅಂಗಿಯ ಜೇಬಿನಲ್ಲಿರಲಿ. ಬ್ಯಾಗಿನಲ್ಲಿಟ್ಟು ಬ್ಯಾಗನ್ನು ತಲೆಯ ಮೇಲಿನ ಹಲಗೆಗೆ ಸಾಗಿಸಿದ ಮೇಲೆ ದಾದರಿನಿಂದ ಠಾಣೆಯವರೆಗೆ ಅದು ನಿಮ್ಮದಲ್ಲ. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕಬಾರದು, ಉಸಿರುಕೊಳವೆಗೆ ಹೋಗುತ್ತದೆ. ನೇರ ಆಸ್ಪತ್ರೆಗೆ ಒಯ್ಯಬೇಕು.

ಏಳನೇ ಹೆಜ್ಜೆ: ಪಾದ, ಅದರಲ್ಲೂ ಮಳೆಗಾಲದಲ್ಲಿ

ಜೂನ್ ಬಂತೆಂದರೆ ನಮ್ಮ ವಾರ್ಡಿನಲ್ಲಿ ಪಾದಗಳದೇ ಸಾಲು. ಹಿಂದಮಾತಾ, ಗಾಂಧಿ ಮಾರ್ಕೆಟ್ ಕಡೆ ನೀರು ನಿಲ್ಲುತ್ತದೆ. ಮೊಣಕಾಲುದ್ದ ನೀರಿನಲ್ಲಿ ನಡೆದು ಬಂದವರು ಒದ್ದೆ ಚಪ್ಪಲಿಯಲ್ಲೇ ರಾತ್ರಿಯವರೆಗೆ ಇರುತ್ತಾರೆ. ನರಗಳು ಮಂದವಾದ ಪಾದಕ್ಕೆ ಗಾಜಿನ ಚೂರು ಹೊಕ್ಕರೂ ತಿಳಿಯುವುದಿಲ್ಲ. ಒಬ್ಬರ ಪಾದದಿಂದ ನಾನು ಪೂರ್ತಿ ಒಂದು ಡ್ರಾಯಿಂಗ್ ಪಿನ್ ತೆಗೆದಿದ್ದೇನೆ. ಚಪ್ಪಲಿಯ ಅಟ್ಟೆಯನ್ನು ತೂರಿ ಬಂದು ಕಾಲಿಗೆ ಚುಚ್ಚಿಕೊಂಡಿತ್ತು. ಎಷ್ಟು ದಿನವಾಯಿತು ಎಂದರೆ ಅವರಿಗೇ ಗೊತ್ತಿಲ್ಲ.

ರಾತ್ರಿ ಮಲಗುವ ಮುಂಚೆ ಎರಡು ನಿಮಿಷ. ಪಾದ ತೊಳೆದು, ಬೆರಳುಗಳ ಸಂದಿಯನ್ನು ಒಂದೊಂದಾಗಿ ಒರೆಸಿ. ಅಂಗಾಲನ್ನು ಬಗ್ಗಿ ನೋಡಲಾಗದವರು ನೆಲದ ಮೇಲೆ ಕನ್ನಡಿ ಇಟ್ಟು ನೋಡಿ. ಹಿಮ್ಮಡಿಗೆ ತೆಂಗಿನೆಣ್ಣೆ ಹಚ್ಚಬಹುದು, ಬೆರಳ ಸಂದಿಗೆ ಬೇಡ, ಅಲ್ಲಿ ಶಿಲೀಂಧ್ರ ಬೆಳೆಯುತ್ತದೆ. ಉಗುರನ್ನು ನೇರವಾಗಿ ಕತ್ತರಿಸಿ, ಮೂಲೆಗಳನ್ನು ಕೆರೆಯಬೇಡಿ. ಆಣಿ ಎದ್ದರೆ ಬ್ಲೇಡು ಮುಟ್ಟಬೇಡಿ. ಬಿಸಿನೀರಿಗೆ ಕಾಲಿಡುವ ಮುಂಚೆ ಮೊಣಕೈ ಅದ್ದಿ ನೋಡಿ. ಬೂಟು, ಚಪ್ಪಲಿ ಹಾಕುವ ಮುಂಚೆ ಕೊಡವಿ, ಒಳಗೆ ಕೈಯಾಡಿಸಿ. ಹೋಟೆಲಿನ ಅಡುಗೆಮನೆಯಲ್ಲಿ ಬರಿಗಾಲಲ್ಲಿ ನಿಲ್ಲುವ ಭಟ್ಟರಿಗೆ ನಾನು ಇದನ್ನು ಹೇಳಿ ಹೇಳಿ ಸೋತಿದ್ದೇನೆ. ಮಡಿ ಎನ್ನುತ್ತಾರೆ, ಜಾರುತ್ತದೆ ಎನ್ನುತ್ತಾರೆ. ಅಡುಗೆಮನೆಗೇ ಒಂದು ಜೊತೆ ಬೇರೆ ರಬ್ಬರ್ ಚಪ್ಪಲಿ ಇಡುವುದಕ್ಕೆ ಇಬ್ಬರು ಒಪ್ಪಿದ್ದಾರೆ, ಅಷ್ಟೇ ಗೆಲುವು. ಗಾಯದೊಡನೆ ನಿಂತ ನೀರಿನಲ್ಲಿ ನಡೆದಿದ್ದರೆ ಜ್ವರ ಬರುವವರೆಗೆ ಕಾಯಬೇಡಿ, ವೈದ್ಯರ ಬಳಿ ಹೋಗಿ. ಇಲಿಜ್ವರ ಈ ಊರಿನ ಮಳೆಗಾಲಕ್ಕೆ ಹೊಸದಲ್ಲ. ವರ್ಷಕ್ಕೊಮ್ಮೆ ಪಾದದ ಸ್ಪರ್ಶವನ್ನು ನೈಲಾನ್ ಎಳೆಯಿಂದ ಪರೀಕ್ಷಿಸಿಕೊಳ್ಳಿ. ನೋವಿಲ್ಲದ, ಐದು ನಿಮಿಷದ ಕೆಲಸ.

ಎಂಟನೇ ಹೆಜ್ಜೆ: ಅಂಕಿ ಬರೆದು ಸುಮ್ಮನಿರಬೇಡಿ

ಅಮೆರಿಕದ ನರ್ಸಿಂಗ್ ಸಂಶೋಧಕಿ ಬಾರ್ಬರಾ ರೀಗಲ್ ಮತ್ತು ಸಂಗಡಿಗರು 2012ರಲ್ಲಿ ದೀರ್ಘ ಕಾಯಿಲೆಗಳ ಸ್ವ-ಆರೈಕೆಯನ್ನು ಮೂರಾಗಿ ವಿಂಗಡಿಸಿದರು: ಕಾಪಾಡಿಕೊಳ್ಳುವುದು, ಗಮನಿಸುವುದು, ಬದಲಾವಣೆ ಕಂಡಾಗ ಸ್ಪಂದಿಸುವುದು. ನಮ್ಮವರು ಎರಡನೆಯದರಲ್ಲಿ ನಿಂತುಬಿಡುತ್ತಾರೆ. ಡೈರಿ ತುಂಬ ಅಂಕಿಗಳು. 240, 260, 255. "ಬರೆದಿದ್ದೇನೆ ಸಿಸ್ಟರ್" ಎಂಬ ಹೆಮ್ಮೆ. ಹೆಚ್ಚಿನ ವಯಸ್ಕರಿಗೆ ಊಟಕ್ಕೆ ಮುಂಚೆ 80ರಿಂದ 130, ಊಟ ಶುರುವಾದ ಎರಡು ತಾಸಿನ ಸುಮಾರಿಗೆ 180ರೊಳಗೆ, ಮೂರು ತಿಂಗಳ ಸರಾಸರಿ ತೋರಿಸುವ ಪರೀಕ್ಷೆ ಶೇಕಡ 7ರೊಳಗೆ ಎಂಬುದು ಸಾಮಾನ್ಯ ಗುರಿ. ತೀರಾ ವಯಸ್ಸಾದವರಿಗೆ, ಪದೇ ಪದೇ ಕುಸಿಯುವವರಿಗೆ ವೈದ್ಯರು ಸಡಿಲಿಸುತ್ತಾರೆ. ಮೂರು ದಿನ ಒಂದೇ ಹೊತ್ತಿಗೆ ಗುರಿ ಮೀರಿದರೆ ಆ ಪುಟದ ಅಂಚಿನಲ್ಲಿ ಒಂದು ಕಾರಣ ಬರೆಯಿರಿ: ಮದುವೆ ಊಟ, ಜ್ವರ, ಸೂಜಿ ತಡ, ಜಗಳ. ಕಾರಣ ತಿಳಿಯದಿದ್ದರೆ ಫೋನ್ ಮಾಡಿ. ಅಂದ ಹಾಗೆ ಚಿಕ್ಕು ಸುಲಿದ ಕೈಯಲ್ಲೇ ಬೆರಳು ಚುಚ್ಚಿದರೆ ಮೀಟರು ಹಣ್ಣಿನ ಸಕ್ಕರೆಯನ್ನೂ ಸೇರಿಸಿ ತೋರಿಸುತ್ತದೆ. ಸೋಪಿನಿಂದ ತೊಳೆದು, ಒರೆಸಿ, ಬೆರಳಿನ ಪಕ್ಕಕ್ಕೆ ಚುಚ್ಚಿ.

ಸಿದ್ಧಾಂತ ಕುಂಟುವ ಜಾಗವನ್ನೂ ಹೇಳಬೇಕು. ಓರೆಮ್ ಹೇಳುವ ‘ಸ್ವ’ ನಮ್ಮ ಮನೆಗಳಲ್ಲಿ ಒಂಟಿಯಾಗಿ ಸಿಗುವುದಿಲ್ಲ. ಸೊಸೆ ಬಡಿಸದೆ ಮಾವ ಉಣ್ಣುವುದಿಲ್ಲ, ಅತ್ತೆ ಮಲಗದೆ ಸೊಸೆ ತನ್ನ ಮಾತ್ರೆಯ ಡಬ್ಬಿ ತೆಗೆಯುವುದಿಲ್ಲ. ಇನ್ನೊಬ್ಬರನ್ನು ಅವಲಂಬಿಸಿದವರ ಆರೈಕೆಯ ಬಗ್ಗೆಯೂ ಓರೆಮ್ ಹೇಳಿದ್ದಾರೆ ನಿಜ, ಆದರೆ ಅಲ್ಲಿ ಮಕ್ಕಳು, ಅಶಕ್ತರು ಬರುತ್ತಾರೆಯೇ ಹೊರತು ಪ್ರೀತಿಯಿಂದ ಅಶಕ್ತರಾದ ಗಂಡಂದಿರು ಬರುವುದಿಲ್ಲ. ಹಾಗಾಗಿ ನಾನು ಪುಟವನ್ನು ಈಗ ಮೂರು ಭಾಗ ಮಾಡುತ್ತೇನೆ. ಮೂರನೆಯದರಲ್ಲಿ ಮನೆಯವರು ಏನು ಮಾಡುತ್ತಿದ್ದಾರೆ, ಅದರಲ್ಲಿ ಯಾವುದನ್ನು ನಿಲ್ಲಿಸಬೇಕು ಎಂದು ಬರೆಯುತ್ತೇನೆ.

ಅಣ್ಣನ ಹೆಂಡತಿ ಮೂರು ತಿಂಗಳ ಮೇಲೆ ಊರಿನಿಂದ ಬಂದರು. ಬಂದ ವಾರವೇ ಇಬ್ಬರೂ ಆಸ್ಪತ್ರೆಗೆ ಬಂದಿದ್ದರು. ಸರಾಸರಿ ಇಳಿದಿತ್ತು, ಇನ್ನೂ ಇಳಿಯಬೇಕಿತ್ತು. ಆಕೆಗೆ ಅದರಿಂದ ಅಷ್ಟೇನೂ ಸಂತೋಷವಾದಂತೆ ಕಾಣಲಿಲ್ಲ.

"ಇವರು ಈಗ ನನ್ನ ಕೈಯಲ್ಲಿ ಹಾಕಿಸಿಕೊಳ್ಳುವುದೇ ಇಲ್ಲ ಸಿಸ್ಟರ್. ಆರು ವರ್ಷ ಹಾಕಿದ್ದೇನೆ, ಒಂದು ದಿನ ನೋಯಿಸಿಲ್ಲ."

"ಹಾಗಾದರೆ ಈಗ ನೀವು ಏನು ಮಾಡುತ್ತೀರಿ ಅಕ್ಕ?" ಎಂದೆ.

"ರಾತ್ರಿ ಲೈಟಿನಲ್ಲಿ ಹನ್ನೆರಡರ ಗೆರೆ ಇವರಿಗೆ ಸರಿಯಾಗಿ ಕಾಣುವುದಿಲ್ಲವಲ್ಲ, ಎಳೆದು ನನಗೆ ತೋರಿಸುತ್ತಾರೆ. ಸರಿ ಇದ್ದರೆ ಹ್ಞೂಂ ಎನ್ನುತ್ತೇನೆ."

ನಾನು ಅವರ ಪುಟ ತೆಗೆದು, ಮೂರನೇ ಭಾಗದಲ್ಲಿದ್ದ ಹಳೆಯ ಸಾಲುಗಳನ್ನೆಲ್ಲ ಹೊಡೆದುಹಾಕಿ, ‘ರಾತ್ರಿ ಗೆರೆ ನೋಡುವುದು’ ಎಂದು ಬರೆದೆ. ಕೆಳಗೆ ಇನ್ನೊಂದು ಸಾಲು: ಕಣ್ಣಿನ ಡಾಕ್ಟರರಿಗೆ ಚೀಟಿ. ಆಮೇಲೆ ಹೊಸ ಹಾಳೆ ತೆಗೆದು ನಡುವೆ ಗೆರೆ ಎಳೆದು, ಅಕ್ಕನ ಕೈ ಹಿಡಿದು ಕುರ್ಚಿಯಲ್ಲಿ ಕೂರಿಸಿದೆ. ಆಕೆಯ ಸಕ್ಕರೆ ನೋಡಿ ಎರಡು ವರ್ಷವಾಗಿತ್ತು.